ಕಲ್ಲಿನ ಸಾಲು ಮತ್ತು ಪರದೆಯ ಸಾಲು: ಕನ್ನಡ ಬರವಣಿಗೆಯಲ್ಲಿ ಪಂಕ್ತಿವಿಭಾಗದ ಚರಿತ್ರೆ

೧. ಪ್ರಸ್ತಾವನೆ

ಕಪಿಲಾ ನದಿಯ ದಡದಲ್ಲಿರುವ ಸರಗೂರು ಬಹುಕಾಲ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದು, ಈಚೆಗೆ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಇದರ ಸಮೀಪದಲ್ಲಿ ಹರಿಯುವ ನುಗು ಹೊಳೆಯ ಹೆಸರು ನಮ್ಮ ಶಾಸನಗಳಲ್ಲಿ ನುಗುನಾಡು ಎಂಬ ರೂಪದಲ್ಲಿ ಉಳಿದುಬಂದಿದೆ. ಆ ನಾಡಿನ ಒಡೆಯನಾದ ರವಿಗನ ಮಗಳು ದೇಕಬ್ಬೆಯ ಕಥೆಯನ್ನು ಹೇಳುವ ಬೆಳತೂರಿನ ಶಾಸನವು ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಆಕೆಯ ಗಂಡ ಏಚನು ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನು ಕೊಂದು ರಾಜದಂಡನೆಗೆ ಗುರಿಯಾದನು. ಹೆತ್ತವರು ಎಷ್ಟು ತಡೆದರೂ ಕೇಳದೆ ದೇಕಬ್ಬೆ ಅಗ್ನಿಪ್ರವೇಶ ಮಾಡಿದಳು. ಕ್ರಿ. ಶ. ೧೦೫೭ರ ಈ ಬರಹವನ್ನು ಬಿ. ಎಲ್. ರೈಸರು ೧೮೯೮ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಬೆಳಕಿಗೆ ತಂದರು.

ಈ ಶಾಸನದ ಕಾವ್ಯಗುಣವನ್ನು ಕುರಿತು ಹೇಳುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಇಲ್ಲಿ ವಿಚಾರಿಸತಕ್ಕ ವಿಷಯ ಮೇಲುನೋಟಕ್ಕೆ ಅಲ್ಪವೆಂದು ತೋರಬಹುದಾದುದು. ಒಂದೇ ಪಾಠವು ಬೆಳತೂರಿನ ಕಲ್ಲಿನ ಮೇಲೆ ಒಂದು ಬಗೆಯ ಸಾಲುಗಳಲ್ಲಿ ನಿಂತಿದೆ. ರೈಸರ ಪುಟದಲ್ಲಿ ಅದು ಪುಟದ ಅಗಲಕ್ಕೆ ಒಪ್ಪುವಂತೆ ಅಚ್ಚಾಗಿದೆ. ಇಂದು ಅದನ್ನು ಗಣಕಯಂತ್ರದಲ್ಲಿ ತೆರೆದರೆ ಮೇಜಿನ ಮೇಲಣ ಪರದೆಯಲ್ಲಿ ಮೂರನೆಯ ಬಗೆಯಾಗಿಯೂ, ಅಂಗೈಯಲ್ಲಿ ಹಿಡಿಯುವ ಮೊಬೈಲಿನಲ್ಲಿ ನಾಲ್ಕನೆಯ ಬಗೆಯಾಗಿಯೂ ಕಾಣುತ್ತದೆ. ಮೊಬೈಲನ್ನು ಅಡ್ಡಲಾಗಿ ತಿರುಗಿಸಿದರೆ ಐದನೆಯ ಬಗೆ. ಹಾಗಾದರೆ ಈ ಬರಹದ ‘ಸಾಲು’ ಯಾವುದು? ಸಾಲು ಎಲ್ಲಿ ಮುರಿಯಬೇಕೆಂಬುದನ್ನು ತೀರ್ಮಾನಿಸುವವರು ಯಾರು, ಯಾವ ನಿಯಮದಿಂದ? ಆ ನಿಯಮ ಕನ್ನಡ ಲಿಪಿಯ ಸ್ವಭಾವಕ್ಕೆ ಒಪ್ಪುವಂಥದೆ? ಶಾಸನಪಾಠಗಳೂ ಹಳೆಯ ಕಾವ್ಯಗಳೂ ಸರ್ಕಾರದ ಲೆಕ್ಕಪತ್ರಗಳೂ ಒಂದೊಂದಾಗಿ ಪರದೆಗೆ ಏರುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಅಗತ್ಯವಾಗಿದೆ.

೨. ಕಲ್ಲಿನ ಮೇಲೆ

ನಮ್ಮ ಪ್ರಾಚೀನ ಲಿಪಿಕಾರನಿಗೆ ಸಾಲಿನ ಉದ್ದವನ್ನು ಗೊತ್ತುಮಾಡಿಕೊಟ್ಟದ್ದು ಬರೆಯುವ ವಸ್ತು. ಹಾಸನ ಜಿಲ್ಲೆಯ ಹಲ್ಮಿಡಿಯ ಕಲ್ಲು ಕಿರಿದಾದುದು, ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಗುರುತಿಸಿದ ಆ ಶಾಸನದ ಗದ್ಯವು ೧೬ ಸಾಲುಗಳಾಗಿ ಹರಿದಿದೆ. ಅಗಲವಾದ ಬಂಡೆ ದೊರೆತಲ್ಲಿ ಸಾಲು ನೀಳವಾಯಿತು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ಸೀಮೆಗಳ ಹೊಲಗದ್ದೆಗಳ ಅಂಚಿನಲ್ಲಿ ಕಾಣುವ ವೀರಗಲ್ಲುಗಳ ಸ್ಥಿತಿ ಇನ್ನೂ ಬೇರೆ. ಅಲ್ಲಿ ಕಲ್ಲು ಅಂತಸ್ತುಗಳಾಗಿ ವಿಂಗಡವಾಗಿರುತ್ತದೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಸ್ವರ್ಗ. ಈ ಅಂತಸ್ತುಗಳ ನಡುವೆ ಬಿಟ್ಟಿರುವ ಪಟ್ಟಿಗಳ ಮೇಲೆಯೇ ಬರಹ ಬರಬೇಕು. ಪಟ್ಟಿಯು ಎರಡು ಸಾಲಿಗೆ ಮಾತ್ರ ಸಾಲುವಂತಿದ್ದರೆ ಎರಡು ಸಾಲು. ವಾಕ್ಯ ಮುಗಿಯದಿದ್ದರೆ ಚಿತ್ರವನ್ನು ದಾಟಿ ಮೇಲಿನ ಪಟ್ಟಿಗೋ ಕೆಳಗಿನ ಪಟ್ಟಿಗೋ ಹೋಗಬೇಕು. ಓದುವವನು ಬರಹವನ್ನೇ ಹಿಂಬಾಲಿಸಿ ಹೋಗುತ್ತಾನಲ್ಲದೆ ಸಾಲಿನ ಕೊನೆಯಲ್ಲಿ ಅರ್ಥದ ವಿರಾಮವನ್ನು ನಿರೀಕ್ಷಿಸುವುದಿಲ್ಲ.

ಇಂತಹ ಬರವಣಿಗೆಯಲ್ಲಿ ಪದಪದಗಳ ನಡುವೆ ತೆರವು ಇರಲಿಲ್ಲವೆಂಬುದನ್ನು ನೆನೆಯಬೇಕು. ಅಕ್ಷರಗಳು ಒಂದರ ಮಗ್ಗುಲಲ್ಲಿ ಒಂದು ಎಡೆಬಿಡದೆ ನಿಂತಿರುತ್ತವೆ. ಆದುದರಿಂದ ಪದದ ನಡುವೆ ಸಾಲು ಮುರಿಯುವುದು ದೋಷವೆನಿಸಲಿಲ್ಲ; ಅದನ್ನು ಸೂಚಿಸುವ ಚಿಹ್ನೆಯೂ ಬೇಕಾಗಲಿಲ್ಲ. ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಮಿತಿ ಇತ್ತು. ಪದ ಒಡೆಯಬಹುದು, ಅಕ್ಷರ ಒಡೆಯುವಂತಿಲ್ಲ. ಇಲ್ಲಿ ಅಕ್ಷರವೆಂದರೆ ವ್ಯಂಜನವೂ ಅದರ ಸ್ವರಚಿಹ್ನೆಯೂ, ಒತ್ತಕ್ಷರವಿದ್ದರೆ ಅದೂ ಸೇರಿ ಆಗುವ ಒಂದು ಘಟಕ. ‘ಗ್ಗ’ ಎಂಬಲ್ಲಿ ಕೆಳಗಿನ ಗಕಾರವು ಮೇಲಿನ ಗಕಾರಕ್ಕೆ ಆತುಕೊಂಡೇ ಇರುವುದರಿಂದ ಒಂದು ಈ ಸಾಲಿನಲ್ಲಿ, ಇನ್ನೊಂದು ಮುಂದಿನ ಸಾಲಿನಲ್ಲಿ ಎಂಬ ಮಾತೇ ಉಳಿಯ ಕೈಗೆ ಬರುವುದಿಲ್ಲ. ಈ ನಿಯಮವನ್ನು ಯಾವ ಲಕ್ಷಣಕಾರನೂ ವಿಧಿಸಬೇಕಾಗಿರಲಿಲ್ಲ; ಲಿಪಿಯ ರಚನೆಯೇ ಅದನ್ನು ವಿಧಿಸಿತ್ತು.

ಪದ್ಯದ ವಿಷಯದಲ್ಲಿ ಇನ್ನೊಂದು ಮಾತು ಗಮನಾರ್ಹವಾದುದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಐದು ಪದ್ಯಗಳು ಹತ್ತು ಸಾಲುಗಳಲ್ಲಿ ಅಡಗಿವೆ. ಅವುಗಳಲ್ಲಿ ತ್ರಿಪದಿಗಳಿವೆ, ತ್ರಿಪದಿಗೆ ಪಾದಗಳು ಮೂರು. ಕಲ್ಲಿನ ಸಾಲಿಗೂ ಪದ್ಯದ ಪಾದಕ್ಕೂ ಹೊಂದಿಕೆ ಇರಬೇಕೆಂಬ ಕಟ್ಟು ಕಂಡರಿಸಿದವನಿಗೆ ಇರಲಿಲ್ಲವೆಂದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಹಾಗಿದ್ದೂ ಓದುವವನಿಗೆ ಪಾದವೆಲ್ಲಿ ಮುಗಿಯಿತೆಂಬುದು ತಿಳಿಯುತ್ತಿತ್ತು. ಕಂದಪದ್ಯದಲ್ಲಿ ಒಂದನೆಯ ಮತ್ತು ಮೂರನೆಯ ಪಾದಗಳಿಗೆ ೧೨ ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಪಾದಗಳಿಗೆ ೨೦ ಮಾತ್ರೆ. ಚಂಪಕಮಾಲೆಯಲ್ಲಿ ಪಾದಕ್ಕೆ ೨೧ ಅಕ್ಷರ, ಉತ್ಪಲಮಾಲೆಯಲ್ಲಿ ೨೦. ಇದರ ಜೊತೆಗೆ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಬರುವ ಆದಿಪ್ರಾಸವು ಹೊಸ ಪಾದದ ಆರಂಭವನ್ನು ಕಿವಿಗೆ ಸಾರುತ್ತದೆ. ಕನ್ನಡ ಕವಿಗಳು ಪಾದಾಂತ್ಯದಲ್ಲಿ ಪದವನ್ನು ನಿಲ್ಲಿಸಲೇಬೇಕೆಂಬ ನಿರ್ಬಂಧಕ್ಕೆ ಒಳಗಾದವರಲ್ಲ. ಒಂದು ಪದ ಈ ಪಾದದಲ್ಲಿ ಹುಟ್ಟಿ ಮುಂದಿನದರಲ್ಲಿ ಮುಗಿಯುವುದು ಅವರಲ್ಲಿ ಸರ್ವಸಾಧಾರಣ. ಹೀಗೆ ಪದ್ಯದ ಸಾಲು ಕಣ್ಣಿಗೆ ಸೇರಿದುದಲ್ಲ, ಕಿವಿಗೆ ಸೇರಿದುದು. ಕಲ್ಲು ಅದನ್ನು ಎಲ್ಲಿ ಮುರಿದರೂ ಛಂದಸ್ಸು ಅದನ್ನು ಕಾಪಾಡುತ್ತಿತ್ತು. ಬೆಳತೂರಿನ ಪದ್ಯಗಳು ಒಂಬತ್ತು ಶತಮಾನಗಳ ಮೇಲೂ ಪದ್ಯಗಳಾಗಿಯೇ ಗುರುತಿಗೆ ಸಿಕ್ಕಲು ಇದೇ ಕಾರಣ.

೩. ಓಲೆ ಮತ್ತು ಕಡತ

ತಾಳೆಗರಿಯು ಸಾಲಿನ ಉದ್ದವನ್ನು ಕಲ್ಲಿಗಿಂತ ಕಟ್ಟುನಿಟ್ಟಾಗಿ ಗೊತ್ತುಮಾಡಿತು. ಗರಿಯ ಅಗಲ ಒಂದೆರಡು ಅಂಗುಲ. ಉದ್ದ ಅದರ ಹಲವು ಪಾಲು. ಆದುದರಿಂದ ಓಲೆಯ ಪುಟದಲ್ಲಿ ಸಾಲುಗಳು ಕೆಲವೇ, ಪ್ರತಿಯೊಂದೂ ಬಹು ದೀರ್ಘ. ದಾರ ಪೋಣಿಸುವ ತೂತಿನ ಸುತ್ತ ಸ್ವಲ್ಪ ಜಾಗವನ್ನು ಬಿಡಬೇಕಾಗಿದ್ದುದರಿಂದ ಸಾಲು ನಡುವೆ ಕಡಿದು ಮತ್ತೆ ಮುಂದುವರಿಯುತ್ತದೆ. ಲಿಪಿಕಾರನು ಕಂಟದಿಂದ ಗೀರಿ, ಮಸಿ ತೊಡೆದು, ಗರಿಯ ಕೊನೆಯವರೆಗೂ ಅಕ್ಷರ ತುಂಬುತ್ತಿದ್ದನು. ಕುಮಾರವ್ಯಾಸನ ಷಟ್ಪದಿಗಳು ಓಲೆಯಲ್ಲಿ ಆರು ಸಾಲುಗಳಾಗಿ ನಿಂತಿರುವುದಿಲ್ಲ; ಪದ್ಯದ ಕೊನೆಯ ಗೆರೆಯೂ ಸಂಖ್ಯೆಯೂ ಬಂದಾಗ ಒಂದು ಪದ್ಯ ಮುಗಿಯಿತೆಂದು ತಿಳಿಯಬೇಕು. ಗಮಕಿಯು ಅದನ್ನು ಸರಾಗವಾಗಿ ಓದುತ್ತಿದ್ದನೆಂದರೆ ಪದ್ಯದ ಅಳತೆ ಅವನ ನಾಲಗೆಯ ಮೇಲಿತ್ತೆಂದೇ ಅರ್ಥ.

ಲೆಕ್ಕಪತ್ರಗಳ ದಾರಿ ಬೇರೆ. ಮೈಸೂರು ಸೀಮೆಯ ಶಾನುಭೋಗರೂ ವರ್ತಕರೂ ಬಳಸುತ್ತಿದ್ದ ಕಡತವನ್ನು ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯಲ್ಲಿ ವರ್ಣಿಸಿದ್ದಾನೆ. ಎಂಟರಿಂದ ಹನ್ನೆರಡು ಅಂಗುಲ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಬಟ್ಟೆಗೆ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಕಪ್ಪುಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಓಲೆಯ ಸಾಲು ನೀಳ, ಕಡತದ ಸಾಲು ಗಿಡ್ಡ. ಕಡತದಲ್ಲಿ ಒಂದು ಬಾಬಿಗೆ ಒಂದು ಸಾಲು ಎಂಬ ಕ್ರಮ ಸಹಜವಾಯಿತು. ಹೆಸರು ಒಂದು ಕಡೆ, ಮೊತ್ತ ಮತ್ತೊಂದು ಕಡೆ. ಕಾವ್ಯದಲ್ಲಿ ಸಾಲು ಎಲ್ಲಿ ಮುರಿದರೂ ಅರ್ಥಕ್ಕೆ ಕೊರತೆಯಿಲ್ಲ. ಲೆಕ್ಕದಲ್ಲಿ ಸಾಲು ಮುರಿದರೆ ಮೊತ್ತವು ಬೇರೊಬ್ಬನ ಹೆಸರಿಗೆ ಹೋದೀತು. ಬರಹಕ್ಕೆ ಹೊರಗಿನಿಂದ ಒದಗುವ ಸಾಲು ಒಂದು, ಬರಹದ ಅರ್ಥಕ್ಕೇ ಸೇರಿದ ಸಾಲು ಇನ್ನೊಂದು. ಈ ಎರಡರ ವ್ಯತ್ಯಾಸವನ್ನು ನಮ್ಮ ಹಿಂದಿನವರು ಹೆಸರಿಟ್ಟು ಕರೆಯದಿದ್ದರೂ ಆಚರಣೆಯಲ್ಲಿ ಬಲ್ಲವರಾಗಿದ್ದರು.

೪. ಅಚ್ಚಿನ ಮನೆಯಲ್ಲಿ

೧೮೧೭ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದುದು ಕನ್ನಡ ಮುದ್ರಣದ ಆರಂಭ. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನದು, ಅಲ್ಲಿ ಸಾಲನ್ನು ಇನ್ನೂ ಕೈಬರಹವೇ ಆಳುತ್ತಿತ್ತು. ಮೊಳೆಯಚ್ಚು ಬಂದ ಮೇಲೆ ಎರಡು ಹೊಸ ಸಂಗತಿಗಳು ಸೇರಿದವು. ಮೊದಲನೆಯದು ಪದಗಳ ನಡುವಣ ತೆರವು. ಇದು ಯುರೋಪಿನ ಪದ್ಧತಿ; ಕನ್ನಡಕ್ಕೆ ಅಚ್ಚಿನೊಡನೆ ಬಂದು ನೆಲೆಯಾಯಿತು. ಎರಡನೆಯದು ಎಡಬಲ ಅಂಚುಗಳೆರಡನ್ನೂ ಸಮಮಾಡುವ ಕ್ರಮ. ಮೊಳೆ ಜೋಡಿಸುವವನು ಒಂದು ಸಾಲಿನ ಅಳತೆಗೆ ಅಕ್ಷರಗಳನ್ನು ತುಂಬಿ, ಉಳಿದ ಜಾಗವನ್ನು ಪದಗಳ ನಡುವೆ ಹಂಚಿ, ಸಾಲನ್ನು ಬಿಗಿಮಾಡಬೇಕು.

ಇಲ್ಲಿಯೇ ಕನ್ನಡದ ಸ್ವಭಾವಕ್ಕೂ ಹೊರಗಿನ ಪದ್ಧತಿಗೂ ಮೊದಲ ಘರ್ಷಣೆ ಉಂಟಾದುದು. ಕನ್ನಡದಲ್ಲಿ ಸಂಧಿಸಮಾಸಗಳೂ ಪ್ರತ್ಯಯಗಳೂ ಸೇರಿ ಪದ ಬೆಳೆಯುತ್ತದೆ. ‘ಹೆಗ್ಗಡದೇವನಕೋಟೆಯವರೆಗಿನ’ ಎಂಬುದು ಒಂದೇ ಪದ. ಪತ್ರಿಕೆಯ ಕಿರಿದಾದ ಅಂಕಣದಲ್ಲಿ ಇಂತಹ ಪದವೊಂದು ಬಂದರೆ ಅದನ್ನು ಇಡಿಯಾಗಿ ಕೆಳಗಿಳಿಸಿದಾಗ ಮೇಲಿನ ಸಾಲಿನಲ್ಲಿ ಹಳ್ಳ ಬೀಳುತ್ತದೆ. ಅಚ್ಚಿನವರು ಇದಕ್ಕೆ ಕಂಡುಕೊಂಡ ಪರಿಹಾರ ಹಳೆಯದೇ: ಅಕ್ಷರದ ಗಡಿಯಲ್ಲಿ ಪದವನ್ನು ಮುರಿದು, ಕೆಲವರು ಅಡ್ಡಗೆರೆ ಇಟ್ಟು, ಕೆಲವರು ಇಡದೆ, ಮುಂದಿನ ಸಾಲಿಗೆ ಹೋದರು. ಇಂಗ್ಲಿಷಿನಲ್ಲಿ ಪದವನ್ನು ಎಲ್ಲಿ ಮುರಿಯಬೇಕೆಂಬುದಕ್ಕೆ ನಿಘಂಟನ್ನು ನೋಡಬೇಕಾಗುವುದುಂಟು. ಕನ್ನಡದಲ್ಲಿ ಅಕ್ಷರವೇ ಉಚ್ಚಾರಣೆಯ ಘಟಕಕ್ಕೆ ಬಹುಮಟ್ಟಿಗೆ ಸಮನಾಗಿರುವುದರಿಂದ ಯಾವ ಅಕ್ಷರದ ಬಳಿಕವೂ ಮುರಿಯಬಹುದು. ಜೋಡಿಸುವವನ ಮುಂದಿದ್ದುದು ಸೀಸದ ಮೊಳೆ. ಒತ್ತಕ್ಷರವನ್ನು ಅದರ ಅಕ್ಷರದಿಂದ ಬೇರ್ಪಡಿಸಿ ಮುಂದಿನ ಸಾಲಿನಲ್ಲಿ ಇಡಬೇಕೆಂದು ಅವನಿಗೆ ತೋಚುವ ಸಂಭವವಿರಲಿಲ್ಲ.

ಪದ್ಯಗಳಿಗಂತೂ ಅಚ್ಚು ಉಪಕಾರವನ್ನೇ ಮಾಡಿತು. ಬೆಳತೂರಿನ ಪಾಠ ಹೊರಬಂದ ೧೮೯೮ರಲ್ಲಿಯೇ ರೈಸರು ಪಂಪಭಾರತವನ್ನೂ ಅಚ್ಚಿಗೆ ತಂದರು. ಆರ್. ನರಸಿಂಹಾಚಾರ್ಯರ ‘ಶಾಸನ ಪದ್ಯಮಂಜರಿ’ ೧೯೨೩ರಲ್ಲಿ ಪ್ರಕಟವಾಗಿ, ಕಲ್ಲಿನಲ್ಲಿ ಹುದುಗಿದ್ದ ಪದ್ಯಗಳು ಪದ್ಯಗಳೆಂದೇ ವಾಚಕರ ಕೈಸೇರಿದವು. ಕಿವಿಗೆ ಸೇರಿದ್ದ ಪಾದವು ಅಚ್ಚಿನ ಪುಟದಲ್ಲಿ ಕಣ್ಣಿಗೂ ದೊರೆಯಿತು. ಆದರೆ ಇದರಿಂದ ಒಂದು ಪರಾಧೀನತೆಯೂ ಬಂದಿತು. ಪಾದವನ್ನು ಕಣ್ಣಿನಿಂದಲೇ ಗುರುತಿಸಲು ಕಲಿತ ನಮ್ಮ ತಲೆಮಾರುಗಳು ಪುಟದ ಸಾಲು ಕೆಟ್ಟರೆ ಪದ್ಯವನ್ನೇ ಕಾಣಲಾರದ ಸ್ಥಿತಿಗೆ ಬಂದಿವೆ.

ಶಾಸನ ಸಂಪಾದನೆಯಲ್ಲಿ ಇನ್ನೊಂದು ಶಿಸ್ತು ಬೆಳೆಯಿತು. ಮೂಲದ ಪ್ರತಿಯೊಂದು ಸಾಲಿಗೂ ಸಂಖ್ಯೆ ಕೊಟ್ಟು, ಮುಂದಿನವರು ‘ಇಷ್ಟನೆಯ ಸಾಲು’ ಎಂದು ಉಲ್ಲೇಖಿಸಲು ಅವಕಾಶ ಮಾಡಿಕೊಡುವುದೇ ಆ ಶಿಸ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಹೆಗ್ಗಡದೇವನಕೋಟೆಯ ಶಾಸನಗಳು ಮೂರನೆಯ ಸಂಪುಟಕ್ಕೆ (೧೯೭೪) ಸೇರಿವೆ. ಸಾಲಿನ ಸಂಖ್ಯೆ ವ್ಯರ್ಥವಾದ ಅಲಂಕಾರವಲ್ಲ. ಕಲ್ಲಿನ ಯಾವ ಭಾಗ ಸವೆದಿದೆ, ಎಷ್ಟು ಅಕ್ಷರ ಲುಪ್ತವಾಗಿರಬಹುದು, ಸಂಪಾದಕನು ಊಹಿಸಿ ತುಂಬಿದ ಪದ ಆ ಜಾಗದಲ್ಲಿ ಹಿಡಿಸುತ್ತದೆಯೆ ಎಂಬ ಪರೀಕ್ಷೆಗೆಲ್ಲ ಸಾಲಿನ ಉದ್ದವೇ ಆಧಾರ. ಕಲ್ಲು ಒಡೆದೋ ಸವೆದೋ ಮಾಯವಾದ ಮೇಲೆ ಆ ಸಂಖ್ಯೆಯೊಂದೇ ಸಾಕ್ಷಿಯಾಗಿ ಉಳಿಯುತ್ತದೆ.

೫. ಎಂಬತ್ತು ಅಂಕಣಗಳ ಇತಿಹಾಸ

ಗಣಕಯಂತ್ರದ ಸಾಲಿಗೂ ಒಂದು ವಸ್ತುವೇ ಮೂಲ. ಐಬಿಎಂ ಸಂಸ್ಥೆಯು ೧೯೨೮ರಲ್ಲಿ ಬಳಕೆಗೆ ತಂದ ತೂತಿನ ಕಾರ್ಡಿನಲ್ಲಿ ೮೦ ಅಂಕಣಗಳಿದ್ದವು. ಒಂದು ಅಂಕಣಕ್ಕೆ ಒಂದು ಅಕ್ಷರ. ಕಾರ್ಡು ಹೋಗಿ ಪರದೆ ಬಂದಾಗಲೂ ಆ ಸಂಖ್ಯೆ ಹೋಗಲಿಲ್ಲ. ೧೯೭೮ರ ವಿಟಿ-೧೦೦ ಎಂಬ ಹೆಸರಾಂತ ಟರ್ಮಿನಲ್ ೮೦ ಅಂಕಣ, ೨೪ ಸಾಲುಗಳನ್ನು ತೋರಿಸುತ್ತಿತ್ತು. ೧೯೮೧ರ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿ ೮೦ ಅಂಕಣ, ೨೫ ಸಾಲು. ವಿದ್ಯುನ್ಮಾನ ಅಂಚೆಯ ನಿಯಮಾವಳಿಯು ಒಂದು ಸಾಲು ೭೮ ಅಕ್ಷರಗಳನ್ನು ಮೀರದಿರುವುದು ಲೇಸೆಂದು ಹೇಳುವುದೂ ಈ ಪರಂಪರೆಯಿಂದಲೇ. ಓಲೆಯ ಉದ್ದ ಮರದಿಂದ ಬಂದಂತೆ ಪರದೆಯ ಅಗಲ ಒಂದು ರಟ್ಟಿನ ಚೀಟಿಯಿಂದ ಬಂದಿತು.

ಈ ಚೌಕಳಿಯ ಪರದೆಯಲ್ಲಿ ಪಠ್ಯವನ್ನು ಸಾಲುಗೊಳಿಸಲು ಎರಡು ವಿಧಾನಗಳಿದ್ದವು. ಬರೆಯುವವನೇ ಪ್ರತಿ ಸಾಲಿನ ಕೊನೆಯಲ್ಲಿ ಕೀಲಿ ಒತ್ತಿ ಮುರಿಯುವುದು ಒಂದು. ಇದನ್ನು ಸ್ಥಿರವಾದ ಮುರಿತ ಎನ್ನೋಣ. ಯಂತ್ರವೇ ಅಂಚನ್ನು ನೋಡಿ, ಹಿಡಿಸದ ಪದವನ್ನು ಇಡಿಯಾಗಿ ಕೆಳಗಿಳಿಸುವುದು ಇನ್ನೊಂದು. ಇದು ಚಲವಾದ ಮುರಿತ. ಇದನ್ನೇ ಕಂಪ್ಯೂಟರ್ ಬಲ್ಲವರು ವರ್ಡ್ ರ್ಯಾಪ್ ಎನ್ನುತ್ತಾರೆ. ಸ್ಥಿರವಾಗಿ ಮುರಿದ ಬರಹವನ್ನು ಕಿರಿದಾದ ಪರದೆಯಲ್ಲಿ ತೆರೆದರೆ ಒಂದು ಪೂರ್ಣ ಸಾಲು, ಒಂದು ತುಂಡು ಸಾಲು, ಮತ್ತೆ ಒಂದು ಪೂರ್ಣ ಸಾಲು ಎಂಬಂತೆ ಹಲ್ಲುಹಲ್ಲಾಗಿ ಕಾಣುತ್ತದೆ. ಚಲವಾಗಿ ಬಿಟ್ಟ ಬರಹವು ಯಾವ ಪರದೆಗಾದರೂ ಒಗ್ಗುತ್ತದೆ. ಆದರೆ ಅದರಲ್ಲಿ ‘ಏಳನೆಯ ಸಾಲು’ ಎಂಬುದಕ್ಕೆ ಅರ್ಥವಿಲ್ಲ. ೧೯೮೧ರಲ್ಲಿ ಡೊನಾಲ್ಡ್ ಕ್ನೂತ್ ಮತ್ತು ಮೈಕೆಲ್ ಪ್ಲಾಸ್ ಎಂಬ ವಿದ್ವಾಂಸರು ಸಾಲುಗಳನ್ನು ಒಂದೊಂದಾಗಿ ತೀರ್ಮಾನಿಸದೆ ಇಡೀ ಪರಿಚ್ಛೇದವನ್ನು ಒಟ್ಟಿಗೆ ತೂಗಿ ಮುರಿಯುವ ವಿಧಾನವನ್ನು ನಿರೂಪಿಸಿದರು. ಒಳ್ಳೆಯ ಅಚ್ಚುಕೆಲಸದವನು ಅನುಭವದಿಂದ ಮಾಡುತ್ತಿದ್ದುದನ್ನು ಅವರು ಗಣಿತದಿಂದ ಸಾಧಿಸಿದರೆನ್ನಬಹುದು. ಆದರೂ ಬಹುಪಾಲು ಪರದೆಗಳಲ್ಲಿ ಇಂದಿಗೂ ನಡೆಯುವುದು ಒಂದೊಂದೇ ಸಾಲನ್ನು ತುಂಬುತ್ತ ಹೋಗುವ ಸರಳ ಕ್ರಮವೇ.

೬. ಪರದೆಯ ಮೇಲೆ ಕನ್ನಡ

ಅಂಕಣಕ್ಕೊಂದು ಅಕ್ಷರವೆಂಬ ಲೆಕ್ಕ ರೋಮನ್ ಲಿಪಿಗೆ ಸರಿ. ಕನ್ನಡಕ್ಕೆ ಅದು ಹೊಂದುವುದಿಲ್ಲ. ‘ರ’ ಕಿರಿದು, ‘ಣೌ’ ಹಿರಿದು. ಒತ್ತಕ್ಷರವು ಅಗಲಕ್ಕಿಂತ ಆಳವನ್ನು ಬಯಸುತ್ತದೆ. ಆದುದರಿಂದ ಕನ್ನಡದ ಸಾಲಿಗೆ ಅಗಲದಷ್ಟೇ ಸಾಲುಗಳ ನಡುವಣ ಅಂತರವೂ ಮುಖ್ಯ.

ಯೂನಿಕೋಡ್ ನೆಲೆಗೊಳ್ಳುವುದಕ್ಕೆ ಮುಂಚೆ ಕನ್ನಡ ಬರಹದ ಬಹುಪಾಲು ಅಕ್ಷರದ ತುಣುಕುಗಳಿಗೆ ಸಂಕೇತ ಕೊಟ್ಟ ಫಾಂಟುಗಳಲ್ಲಿ ನಡೆಯಿತು. ೧೯೯೮ರಲ್ಲಿ ಹೊರಬಂದ ಶೇಷಾದ್ರಿವಾಸು ಅವರ ‘ಬರಹ’ವೂ ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯೂ ಕನ್ನಡಿಗರಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಪದ್ಧತಿಯಲ್ಲಿ ಯಂತ್ರದ ದೃಷ್ಟಿಗೆ ಬೀಳುತ್ತಿದ್ದುದು ರೋಮನ್ ಸಂಕೇತಗಳು; ಅವು ಕನ್ನಡದ ರೂಪ ತಾಳುತ್ತಿದ್ದುದು ಫಾಂಟಿನಲ್ಲಿ. ಅಕ್ಷರವೆಂದರೇನೆಂಬುದು ಯಂತ್ರಕ್ಕೆ ತಿಳಿದಿರಲಿಲ್ಲ. ಪದಗಳ ನಡುವೆ ತೆರವು ಇದ್ದಲ್ಲಿ ಮಾತ್ರ ಸಾಲು ಕ್ಷೇಮವಾಗಿ ಮುರಿಯುತ್ತಿತ್ತು.

೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಫಾಂಟು ಬಂದ ಮೇಲೆ ಅದು ಮನೆಮನೆಯ ಕಂಪ್ಯೂಟರಿನಲ್ಲಿ ಕಾಣುವಂತಾಯಿತು. ಇದರಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತಚಿಹ್ನೆಗಳಿಗೆ ಪ್ರತ್ಯೇಕ ಸಂಕೇತಗಳಿವೆ. ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ‘ಸರಗೂರು’ ಎಂಬಲ್ಲಿ ನಾವು ಎಣಿಸುವ ಅಕ್ಷರ ೪; ಯೂನಿಕೋಡ್ ಸಂಕೇತಗಳು ೬; ಯುಟಿಎಫ್-೮ ಕ್ರಮದಲ್ಲಿ ಬೈಟುಗಳು ೧೮. ‘ಹೆಗ್ಗಡದೇವನಕೋಟೆ’ ಎಂಬಲ್ಲಿ ಅಕ್ಷರ ೮, ಸಂಕೇತ ೧೪, ಬೈಟು ೪೨. ಬೈಟುಗಳನ್ನೇ ಅಂಕಣಗಳೆಂದು ಎಣಿಸಿದರೆ ಈ ಒಂದು ಊರಿನ ಹೆಸರು ಹಳೆಯ ಕಾರ್ಡಿನ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಮೊಬೈಲಿನ ಸಂದೇಶದಲ್ಲಿ ಇಂಗ್ಲಿಷಿಗೆ ೧೬೦ ಅಕ್ಷರಗಳ ಅವಕಾಶವಿದ್ದರೆ ಕನ್ನಡಕ್ಕೆ ೭೦ ಸಂಕೇತಗಳು ಮಾತ್ರ. ಅದರಲ್ಲಿ ಐದರಲ್ಲಿ ಒಂದು ಪಾಲು ಇದೇ ಹೆಸರಿಗೆ ಹೋಗುತ್ತದೆ. ಆದುದರಿಂದ ‘ಸಾಲಿಗೆ ಇಷ್ಟು ಅಕ್ಷರ’ ಎಂದು ಇಂಗ್ಲಿಷಿಗಾಗಿ ಹೇಳಿದ ಅಳತೆಯನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸುವುದು ಸಲ್ಲದು.

ಇನ್ನು ಮುರಿತದ ನಿಯಮ. ಯೂನಿಕೋಡಿನ ಪಂಕ್ತಿವಿಭಾಗದ ಕ್ರಮದಲ್ಲಿ ಕನ್ನಡದ ಸಾಲು ಮುಖ್ಯವಾಗಿ ತೆರವು ಇದ್ದಲ್ಲಿ ಮುರಿಯುತ್ತದೆ. ತೆರವಾದರೋ ಅಚ್ಚಿನೊಡನೆ ಬಂದುದೆಂದು ಮೇಲೆ ಹೇಳಿದೆ. ಹಳಗನ್ನಡ ಪಾಠದಲ್ಲಿ ತೆರವನ್ನು ಎಲ್ಲಿ ಇಡಬೇಕೆಂಬುದು ಸಂಪಾದಕನ ಪದವಿಭಾಗವನ್ನು ಅವಲಂಬಿಸಿದೆ. ಎಂದರೆ ಪರದೆಯ ಸಾಲು ಯಂತ್ರದ ತೀರ್ಮಾನದಂತೆ ತೋರಿದರೂ ಅದರ ಹಿಂದೆ ಒಬ್ಬ ವಿದ್ವಾಂಸನ ವ್ಯಾಖ್ಯಾನ ಅಡಗಿದೆ. ಪದದ ಒಳಗೆ ಮುರಿಯುವುದಕ್ಕೆ ಸಂತೋಷ್ ತೋಟ್ಟಿಂಗಲ್ ಅವರು ಭಾರತೀಯ ಭಾಷೆಗಳಿಗಾಗಿ ರಚಿಸಿದ ಸೂತ್ರಗಳಲ್ಲಿ ಕನ್ನಡವೂ ಸೇರಿದೆ. ಅವು ಅಕ್ಷರದ ಗಡಿಯನ್ನು ಮನ್ನಿಸುತ್ತವೆ. ಈ ಸೂತ್ರಗಳು ಜಾರಿಯಲ್ಲಿಲ್ಲದ ಕಡೆ, ಪದವು ಪರದೆಗಿಂತ ಉದ್ದವಾದಾಗ, ಯಂತ್ರವು ತನಗೆ ತಿಳಿದ ಅತಿ ಚಿಕ್ಕ ಘಟಕದ ಗಡಿಯಲ್ಲಿ ಅದನ್ನು ತುಂಡರಿಸುತ್ತದೆ. ಆ ಘಟಕದ ಸಾಮಾನ್ಯ ಲಕ್ಷಣದ ಪ್ರಕಾರ ವ್ಯಂಜನ ಮತ್ತು ಅದರ ಸ್ವರಚಿಹ್ನೆ ಬೇರಾಗುವುದಿಲ್ಲ. ಆದರೆ ಹಲಂತಚಿಹ್ನೆಯ ಬಳಿಕ ಬರುವ ವ್ಯಂಜನವನ್ನು ಹೊಸ ಘಟಕವೆಂದು ಎಣಿಸುತ್ತಾರೆ. ೨೦೨೩ರ ೧೫.೧ನೆಯ ಆವೃತ್ತಿಯಲ್ಲಿ ಈ ಕೊರತೆಯನ್ನು ನೀಗಿಸುವ ನಿಯಮವೊಂದನ್ನು ಸೇರಿಸಿದರು. ಅದರಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಸೇರಿದವು, ಕನ್ನಡ ಸೇರಲಿಲ್ಲ. ಹೀಗಾಗಿ ‘ಗ್ಗ’ ಎಂಬುದು ಸಾಲಿನ ಕೊನೆಯಲ್ಲಿ ‘ಗ್’ ಎಂದೂ ಮುಂದಿನ ಸಾಲಿನಲ್ಲಿ ‘ಗ’ ಎಂದೂ ಒಡೆಯಲು ಆ ಲಕ್ಷಣವು ಎಡೆಗೊಟ್ಟಿತು. ಬೆಳತೂರಿನ ಕಲ್ಲುಕುಟಿಗನ ಉಳಿಯಿಂದ ಆಗದಿದ್ದ ಕೆಲಸ ಇದು.

೭. ಫಲಿತಾಂಶ

ಇದೆಲ್ಲ ಕೇವಲ ಅಂದಚೆಂದದ ಪ್ರಶ್ನೆಯೆಂದು ಭಾವಿಸಲಾಗದು. ಮೂರು ಕ್ಷೇತ್ರಗಳಲ್ಲಿ ಇದರ ಪರಿಣಾಮ ಸ್ಪಷ್ಟವಾಗಿದೆ.

ಮೊದಲನೆಯದು ಶಾಸನಪಾಠ. ಮೂಲದ ಸಾಲುಗಳನ್ನು ಸ್ಥಿರವಾದ ಮುರಿತಗಳಿಂದಷ್ಟೇ ತೋರಿಸಿ ಸಂಖ್ಯೆ ಬರೆಯದೆ ಬಿಟ್ಟರೆ, ಕಿರಿದಾದ ಪರದೆಯಲ್ಲಿ ಕಲ್ಲಿನ ಸಾಲಾವುದು, ಪರದೆಯ ಸಾಲಾವುದು ಎಂದು ತಿಳಿಯದು. ಪಾಠವನ್ನು ಪ್ರತಿಮಾಡುವವನು ಆ ಮುರಿತಗಳನ್ನು ಅಳಿಸಿಬಿಟ್ಟರೆ ಸಾಲಿನ 계ಣಿಕೆಯೇ ನಷ್ಟವಾಗುತ್ತದೆ. ಆದುದರಿಂದ ಸಾಲಿನ ಸಂಖ್ಯೆಯನ್ನು ಪಾಠದ ಒಳಗೇ, ಅಕ್ಷರಗಳ ನಡುವೆ, ಬರೆದಿಡುವುದು ಕ್ಷೇಮ. ಪದದ ನಡುವೆ ಕಲ್ಲಿನ ಸಾಲು ಮುರಿದಿದ್ದರೆ ಅದನ್ನು ಅಡ್ಡಗೆರೆಯಿಂದ ಸೂಚಿಸುವ ಹಳೆಯ ಸಂಪಾದಕರ ಪದ್ಧತಿಯನ್ನೂ ಬಿಡಬಾರದು.

ಎರಡನೆಯದು ಕಾವ್ಯ. ಭಾಮಿನೀಷಟ್ಪದಿಯಲ್ಲಿ ೧, ೨, ೪, ೫ನೆಯ ಪಾದಗಳಿಗೆ ೧೪ ಮಾತ್ರೆ. ೩ ಮತ್ತು ೬ನೆಯ ಪಾದಗಳಿಗೆ ೨೩. ಮೊಬೈಲಿನ ಪರದೆಯಲ್ಲಿ ಈ ಎರಡು ನೀಳಪಾದಗಳು ಮುರಿದು ಬೀಳುತ್ತವೆ. ಆರು ಪಾದದ ಪದ್ಯ ಎಂಟು ಸಾಲಾಗಿ ಕಾಣುತ್ತದೆ. ಛಂದಸ್ಸನ್ನು ಕಿವಿಯಿಂದ ಬಲ್ಲವನಿಗೆ ಇದರಿಂದ ತೊಡಕಿಲ್ಲ. ಮೊದಲ ಬಾರಿಗೆ ಷಟ್ಪದಿಯನ್ನು ಪರದೆಯಲ್ಲಿಯೇ ನೋಡುವ ವಿದ್ಯಾರ್ಥಿಗೆ ಅದು ಷಟ್ಪದಿಯೆಂದೇ ತೋರದು. ಮುರಿದ ತುಂಡನ್ನು ಒಳಕ್ಕೆ ಸರಿಸಿ ಅದು ಹಿಂದಿನ ಪಾದಕ್ಕೆ ಸೇರಿದ್ದೆಂದು ತೋರಿಸುವುದು ಯಂತ್ರಕ್ಕೆ ಕಷ್ಟವಲ್ಲ, ಸಂಪಾದಕನು ಕೇಳಬೇಕಷ್ಟೆ. ಅದಕ್ಕಿಂತ ಮಿಗಿಲಾಗಿ, ಪದ್ಯವನ್ನು ಗಟ್ಟಿಯಾಗಿ ಓದಿಸುವ ಅಭ್ಯಾಸವನ್ನು ಅಧ್ಯಾಪಕರು ಬಿಡದಿರುವುದು ಒಳ್ಳೆಯದು.

ಮೂರನೆಯದು ಲೆಕ್ಕಪತ್ರ. ಕರ್ನಾಟಕದ ಪಹಣಿಗಳು ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಬಂದಿವೆ. ಹೆಸರು ಬರೆಯುವ ಮನೆ ಕಿರಿದು, ನಮ್ಮ ಹೆಸರುಗಳು ಉದ್ದ. ಸರಗೂರು ಸೀಮೆಯಲ್ಲಿ ಚಿಕ್ಕದೇವಮ್ಮನ ಬೆಟ್ಟದ ದೇವಿಯ ಹೆಸರನ್ನು ಹೆಣ್ಣುಮಕ್ಕಳಿಗೆ ಇಡುವುದುಂಟು. ‘ಚಿಕ್ಕದೇವಮ್ಮ’ ಎಂಬುದು ಕಿರಿದಾದ ಮನೆಯಲ್ಲಿ ‘ಚಿಕ್ಕ’ ಎಂದು ಒಂದು ಸಾಲಿಗೂ ‘ದೇವಮ್ಮ’ ಎಂದು ಇನ್ನೊಂದು ಸಾಲಿಗೂ ಮುರಿಯಿತೆಂದು ಇಟ್ಟುಕೊಳ್ಳೋಣ. ಅದನ್ನು ನೋಡಿ ಬರೆಯುವವನು ನಡುವೆ ತೆರವು ಬಿಟ್ಟರೆ ದೇವಿಯ ಹೆಸರು ಹೋಗಿ, ಇಬ್ಬರು ದೇವಮ್ಮಂದಿರಲ್ಲಿ ಕಿರಿಯಳೆಂಬ ಅರ್ಥ ಬರುತ್ತದೆ. ಮನುಷ್ಯನಾದರೆ ಕೇಳಿ ತಿಳಿಯುತ್ತಾನೆ. ಎರಡು ದಾಖಲೆಗಳ ಹೆಸರನ್ನು ಹೋಲಿಸುವ ಯಂತ್ರಕ್ಕೆ ಒಂದು ತೆರವಿನ ವ್ಯತ್ಯಾಸವೂ ಬೇರೊಬ್ಬ ವ್ಯಕ್ತಿಯೇ. ಜಮೀನಿನ ಒಡೆತನ, ಪಿಂಚಣಿ, ಸಾಲ ಮೊದಲಾದವು ಇಂತಹ ಹೋಲಿಕೆಯ ಮೇಲೆ ನಿಂತಿರುವಾಗ ಸಾಲಿನ ಮುರಿತವನ್ನು ಅಲ್ಪವೆನ್ನುವುದು ಹೇಗೆ? ಕಡತದ ಶಾನುಭೋಗನು ಬಾಬಿಗೊಂದು ಸಾಲು ಇಟ್ಟುದರ ಹಿಂದಿನ ಎಚ್ಚರ ಇಲ್ಲಿಯೂ ಬೇಕಾದುದೇ.

ಈ ವಿವೇಚನೆಯಿಂದ ಕಂಡುಬರುವುದನ್ನು ಹೀಗೆ ಸಂಗ್ರಹಿಸಬಹುದು. ಸಾಲಿನ ಉದ್ದವನ್ನು ಎಲ್ಲ ಕಾಲದಲ್ಲಿಯೂ ಬರೆಯುವ ವಸ್ತುವೇ ತೀರ್ಮಾನಿಸಿದೆ. ಕಲ್ಲು, ಓಲೆ, ಕಡತ, ಮೊಳೆ, ಪರದೆ ಎಲ್ಲವೂ ಈ ವಿಷಯದಲ್ಲಿ ಸಮಾನ. ಹಿಂದಿನವುಗಳಲ್ಲಿ ಒಮ್ಮೆ ನಿಂತ ಸಾಲು ಹಾಗೆಯೇ ನಿಂತಿರುತ್ತಿತ್ತು. ಪರದೆಯಲ್ಲಿ ಅದು ಓದುಗನಿಂದ ಓದುಗನಿಗೆ ಬದಲಾಗುತ್ತದೆ ಎಂಬುದೊಂದೇ ಹೊಸತು. ಆದುದರಿಂದ ಹಿಂದೆ ವಸ್ತುವೇ ಕಾಪಾಡುತ್ತಿದ್ದುದನ್ನು ಈಗ ಬರೆಯುವವನು ಹೇಳಿ ಕಾಪಾಡಬೇಕಾಗಿದೆ. ಅಕ್ಷರ ಒಡೆಯಬಾರದೆಂಬುದು ಒಂದು. ಅರ್ಥಕ್ಕೆ ಸೇರಿದ ಸಾಲನ್ನು ಪರದೆಗೆ ಸೇರಿದ ಸಾಲಿನಿಂದ ಬೇರ್ಪಡಿಸಿ ಗುರುತಿಸಬೇಕೆಂಬುದು ಇನ್ನೊಂದು. ಈ ಎರಡು ನಿಯಮಗಳು ನಮ್ಮ ಲಿಪಿಕಾರರ ಆಚರಣೆಯಲ್ಲಿಯೇ ಇದ್ದವು. ಯಂತ್ರದ ನಿಯಮಗಳನ್ನು ರೂಪಿಸುವವರಿಗೆ ಇವನ್ನು ಸ್ಪಷ್ಟವಾಗಿ ತಿಳಿಸಿಕೊಡುವ ಹೊಣೆ ಕನ್ನಡ ವಿದ್ವಾಂಸರ ಮೇಲಿದೆ. ಶಾಸನಗಳ ಪಾಠವನ್ನು ಗಣಕಕ್ಕೆ ಏರಿಸುವ ಕೆಲಸದಲ್ಲಿ ತೊಡಗಿರುವ ವಿದ್ಯಾರ್ಥಿಗಳು ಕಲ್ಲಿನ ಮುಂದೆ ಕುಳಿತು, ಸಾಲು ಸಾಲಾಗಿ ಎಣಿಸಿ, ಬರೆದುಕೊಳ್ಳುವ ಅಭ್ಯಾಸದಿಂದಲೇ ಈ ಕಾರ್ಯವನ್ನು ಆರಂಭಿಸಬಹುದು.